ಓಣಿಯ ದರ

ಬಾಯಿಂದ ಬಿದ್ದ ಮಾತು ಅಲ್ಲೇ ಎಲ್ಲೋ ಬಿದ್ದಿರಬೇಕು ಎಂಬಂತೆ ಫಕೀರವ್ವ ಹೊಸ್ತಿಲ ಹೊರಗಿನ ರಸ್ತೆಯನ್ನೇ ನೋಡುತ್ತ ಕೂತಿದ್ದಳು. ರಸ್ತೆಯ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಮಡಿಲಲ್ಲಿ ಈಗಷ್ಟೇ ಬಾಟಲಿ ಹಾಲು ಕುಡಿದ ಮರಿ ನಿದ್ದೆ ಹೋಗಿತ್ತು; ಅದರ ಹೊಟ್ಟೆ ಏರಿ ಇಳಿಯುವುದು ತೊಡೆಗೆ ತಾಗುತ್ತಿತ್ತು. ಬೆಳಿಗ್ಗೆ ಮನೆಪಟ್ಟಿಯ ತೆರಿಗೆ ಹಚ್ಚಲು ಅಳತೆಗೆಂದು ಪುರಸಭೆಯ ಕಚೇರಿಯಿಂದ ಬಂದ ಭೀಮೇಶ, ಅಂಗೈಯಗಲದ ಯಂತ್ರದಿಂದ ಕೆಂಪು ಬೆಳಕಿನ ಒಂದು ಚುಕ್ಕಿಯನ್ನು ಅವಳ ಗೋಡೆಗಳ ಮೇಲೆ ಬಿಟ್ಟಿದ್ದ. ಟೇಪಿಲ್ಲ, ಸರಪಳಿಯಿಲ್ಲ. ಚುಕ್ಕಿ ತಾನೇ ಹೋಗಿ ಕೂತು, ಗೋಡೆ ಎಷ್ಟು ದೂರವೆಂದು ಬಂದು ಹೇಳುತ್ತಿತ್ತು. ಅದು ಮೊದಲು ಕನ್ನಡಿಯ ಮೇಲೆ ಕೂತಿತು, ಆಮೇಲೆ ಸೊಸೆ ಅನ್ನಪೂರ್ಣಾ ಗೂಟಕ್ಕೆ ಸಿಕ್ಕಿಸಿದ್ದ ಸೀರೆಯ ಮೇಲೆ, ಆಮೇಲೆ ದೇವರ ಜಗಲಿಯ ಬೀರದೇವರ ಹಣೆಯ ಮೇಲೆ. ಅಲ್ಲಿ ಕೂತಾಗ ಕೈಮುಗಿಯಬೇಕೋ ಬೇಡವೋ ತಿಳಿಯದೆ ಫಕೀರವ್ವ ಸೆರಗು ಸರಿಮಾಡಿಕೊಂಡಿದ್ದಳು. ಮನೆಯೆಂದರೆ ತಗಡು ಹೊದಿಸಿದ ಒಂದೇ ಉದ್ದನೆಯ ಕೋಣೆ. ನಡುವೆ ಮೊಣಕಾಲೆತ್ತರದ ಮಣ್ಣಿನ ಗೋಡೆ. ಬಾಗಿಲ ಕಡೆಗೆ ಮನುಷ್ಯರು, ಗೋಡೆಯಾಚೆ ಈದ ಕುರಿಗಳು ಮತ್ತು ಅವುಗಳ ಮರಿಗಳು. ಚುಕ್ಕಿ ಆ ಗಿಡ್ಡ ಗೋಡೆಯನ್ನು ಲೆಕ್ಕಿಸದೆ ಮೇಲಿಂದ ಹಾದುಹೋಗಿ ಕುರಿಯೊಂದರ ಬೆನ್ನಿನ ಮೇಲೆ ಕೂತಾಗ ಭೀಮೇಶ ಯಂತ್ರ ಇಳಿಸಿ ತಲೆ ಕೆರೆದುಕೊಂಡಿದ್ದ.

“ದೊಡವ್ವಾ, ಇದನ್ನ ಏನಂತ ಬರೀಲಿ? ಮನಿ ಅಂತೋ, ಕುರಿ ಕೂಡಿ ಹಾಕೂ ದಡ್ಡಿ ಅಂತೋ?”

ಅವಳು ಬಾಯಿ ತೆರೆಯುವ ಮೊದಲೇ ಎದುರಿನ ಬಂಗಲೆಯ ಸಾವಕಾರ ರಾವಸಾಹೇಬ ತನ್ನ ಗೇಟಿನಿಂದಲೇ ಹೇಳಿದ್ದ. “ಮನಿ ಅಂತ ಎಲ್ಲಿ ಬರೀತಿಯೋ ಭೀಮೇಶಾ, ಕುರಿ ದಡ್ಡಿ ಅದು. ಪಾಪ, ಬಡವರು. ದಡ್ಡಿಗಿ ಪಟ್ಟಿ ಹಚ್ಚಾಕ ಬರಾಂಗಿಲ್ಲ, ಬಿಟ್ಟಬಿಡು.”

ಆ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಕುಹಕ ಅವಳಿಗೆ ಗೊತ್ತು, ಕುರಿ ಮೇಯಿಸುತ್ತ ಊರೂರು ಅಲೆದವಳು ಎಷ್ಟು ಹೊಲದ ಬದುವಿನಲ್ಲಿ ಏನೇನು ಕೇಳಿಲ್ಲ. ಇದು ಹಾಗಿರಲಿಲ್ಲ. ಬಿಸಿಲಲ್ಲಿ ನಿಂತವರಿಗೆ ನೀರು ಕೊಡುವವನ ದನಿಯಾಗಿತ್ತು. ಅದು ಕಿವಿಗೆ ಬಿದ್ದದ್ದೇ ಎದೆಯಲ್ಲಿ ಏನೋ ಎದ್ದು ನಿಂತಿತು, ಮತ್ತು ಅವಳಿಗಿಂತ ಮೊದಲು ಅದೇ ಮಾತಾಡಿತು.

“ಮನೀನ ಐತ್ರಿ. ಮನಿ ಅಂತನ ಬರ್ಕೊಳ್ರಿ.”

ರಾವಸಾಹೇಬ ಒಂದು ಗಳಿಗೆ ನೋಡಿ ಒಳಗೆ ಹೋದ. ಭೀಮೇಶ ಮಾತ್ರ ದನಿ ತಗ್ಗಿಸಿ ತಿಳಿಸಿ ಹೇಳಿದ. “ಓಣಿ ನೋಡಿ ದರಾ ಹಚ್ಚತಾರ ದೊಡವ್ವಾ, ಒಳಗ ಯಾರ ಅದಾರ ಅಂತ ನೋಡಂಗಿಲ್ಲ. ಸಾವಕಾರ್ರ ಜಾಗಾಕ ಯಾವ ದರಾನೋ ನಿಮ್ಮ ಜಾಗಾಕೂ ಅದ. ಮನಿ ಅಂದ ಮ್ಯಾಲ ಹಿಂದಿನ ವರ್ಷದ್ದೆಲ್ಲಾ ಕೂಡಿಸಿ ಬರತೈತಿ. ಸಂಜೀತನಾ ಇದ ಓಣ್ಯಾಗ ಇರ್ತೇನಿ. ಬದಲಿ ಮಾಡೂದಿದ್ರ ಸಾವಕಾರ್ರ ಕಟ್ಟಿಗಿ ಬಂದ ಹೇಳ್ರಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ.”

ಅಂದರೆ ಸಂಜೆಯವರೆಗೆ ಆ ಮಾತು ಇನ್ನೂ ಪೂರ್ತಿ ಆಡಿದಂತೆ ಅಲ್ಲ. ಅರ್ಧ ಹೊರಗೆ, ಅರ್ಧ ಗಂಟಲಲ್ಲಿ. ಒಳಗೆ ಅನ್ನಪೂರ್ಣಾ ರೊಟ್ಟಿ ಬಡಿಯುವ ಸಪ್ಪಳ ಎಂದಿಗಿಂತ ಜೋರಾಗಿತ್ತು.

“ಚಲೋ ಆತ ಬಿಡ್ರಿ ಅತ್ತಿ,” ಅಂದಳು ಸೊಸೆ ಒಳಗಿನಿಂದಲೇ. “ಮನಿ ಅಂತ ಬರಸೀರಿ, ಇನ್ನ ಹೊಸ್ತಲಕ ಗ್ರಾನೈಟ್ ಹಚ್ಚಸೂಣು. ಬಾಗಲಕ ಒಂದ ನಾಯಿ ಕಟ್ಟೂಣು.”

“ನಾಯಿ ಐತೆಲ್ಲ.”

“ಅದು ಹಿಂಡಿನ ಕೂಡ ಹೋಗೇತಿ. ಇದು ಬ್ಯಾರೆ ನಾಯಿರಿ, ಬಿಸ್ಕೀಟ್ ತಿನ್ನೂದು.”

ಫಕೀರವ್ವನಿಗೆ ನಗು ಬಂತು, ಆದರೆ ನಗಲಿಲ್ಲ. “ಸಾವಕಾರ್ರು ಚಲೋದಕ್ಕ ಹೇಳಿದ್ರು ನೋಡು,” ಅಂದಳು.

“ಮತ್ತ?”

“ಚಲೋದಕ್ಕ ಹೇಳಿದ್ರು ಅಂತನ ಸಿಟ್ಟ ಬಂತು.”

ರೊಟ್ಟಿಯ ಸಪ್ಪಳ ನಿಂತಿತು. ಸಪ್ಪಳ ಮತ್ತೆ ಶುರುವಾಯಿತು, ಈಗ ಸ್ವಲ್ಪ ಮೆತ್ತಗೆ.

ಮೂಡಲಗಿಯ ಈ ಅಂಚಿಗೆ ಸನ್ಮತಿ ಕಾಲನಿ ಎಂಬ ಹೆಸರು ಯಾವಾಗ ಬಂತೋ ಅವಳಿಗೆ ನೆನಪಿಲ್ಲ. ಹೆಸರಿಲ್ಲದ ಕಾಲ ನೆನಪಿದೆ. ಆಗ ಇದು ಕಪ್ಪು ಮಣ್ಣಿನ ಎರಿಹೊಲ. ರಾವಸಾಹೇಬನ ಅಪ್ಪ ಪ್ರತಿ ಬೇಸಿಗೆಗೆ ಹೇಳಿಕಳಿಸುತ್ತಿದ್ದ, ಹಿಂಡು ಬಂದು ಹೊಲದಲ್ಲಿ ರಾತ್ರಿ ಮಲಗುತ್ತಿತ್ತು, ಬೆಳಗಾದರೆ ನೆಲವೆಲ್ಲ ಹಿಕ್ಕೆ, ಹೊಲಕ್ಕೆ ಗೊಬ್ಬರ. ಹಾಗೆ ವರ್ಷಾನುವರ್ಷ ಹಿಂಡು ಮಲಗಿಸಿದ್ದಕ್ಕೆ ಆ ಮುದುಕ ಖುಷಿಪಟ್ಟು, ಹೊಲದ ಮೂಲೆಯ ಈ ತುಣುಕನ್ನು ಅವಳ ಮಾವನಿಗೆ ಬರೆದುಕೊಟ್ಟ. ಮದುವೆಯಾಗಿ ಬಂದ ದಿನ ಅವಳು ಕಾಲಿಟ್ಟದ್ದು ಇದೇ ತಗಡಿನ ಕೆಳಗೆ. ಆಗ ತಗಡೂ ಇರಲಿಲ್ಲ, ಕಬ್ಬಿನ ಒಣ ಗರಿಯ ರವದಿ ಹೊದಿಸಿದ್ದರು. ಹೊಲ ಹೋಗಿ ಪ್ಲಾಟಾದ ಮೇಲೂ, ಬುನಾದಿ ತೆಗೆಯುವ ಮೊದಲು ಒಂದು ರಾತ್ರಿ ಕುರಿ ಮಲಗಿಸಿರೆಂದು ಜನ ಕರೆಯುತ್ತಿದ್ದರು. ಕುರಿ ಮಲಗಿದ ನೆಲದಲ್ಲಿ ಮನೆ ಏಳುತ್ತದೆ ಎಂದು ಅವರಿಗೆ ಯಾರು ಹೇಳಿದ್ದರೋ. ಗಂಡ ಖಂಡೆಪ್ಪ ಹಿಂಡು ಹೊಡೆದುಕೊಂಡು ಹೋಗಿ ಅದರ ಸುತ್ತ ಬಲೆ ಕಟ್ಟುತ್ತಿದ್ದ, ಅವಳು ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಿದ್ದಳು. ಈಗಲೂ ಓಣಿಯಲ್ಲಿ ನಡೆಯುವಾಗ ಅವಳಿಗೆ ಮನೆಗಳ ಬುಡದಲ್ಲಿ ಕುರಿಗಳು ಕಾಣುತ್ತವೆ. ಡಾಕ್ಟರರ ಮನೆಯ ಪಡಸಾಲೆಯ ಕೆಳಗೆ ಕುಂಟ ಟಗರು ಮಲಗಿದೆ. ಬ್ಯಾಂಕಿನವರ ಅಡುಗೆಮನೆಯ ಕೆಳಗೆ ಅವಳ ಒಲೆ. ರಾವಸಾಹೇಬನ ದೇವರ ಕೋಣೆಯ ಕೆಳಗೆ, ಜೋಡಿ ಮರಿ ಹಾಕಿದ ಕರಿ ಕುರಿ ಮೆಲುಕು ಹಾಕುತ್ತಲೇ ಇದೆ, ಮೇಲೆ ಎಷ್ಟು ಮಜಲು ಎದ್ದರೂ ಅದಕ್ಕೆ ಭಾರವಿಲ್ಲ. ಮಲಗಿಸಿದ ಕಡೆಗೆಲ್ಲ ಮನೆ ಎದ್ದವು. ದಿನವೂ ಮಲಗಿಸಿದ ಈ ಜಾಗದಲ್ಲಿ ಮಾತ್ರ ಯಾಕೆ ಏಳಲಿಲ್ಲ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ, ಇವತ್ತು ಯಾರೋ ಕೇಳಿದಂತಾಯಿತು.

ಫೋನು ಅನ್ನಪೂರ್ಣಾಳೇ ಹಚ್ಚಿ ಕೈಗೆ ಕೊಟ್ಟಳು. ಗಂಡ ಖಂಡೆಪ್ಪನೂ ಮಗ ಮಾಳುವೂ ಹಿಂಡಿನ ಜೊತೆ ಹುಕ್ಕೇರಿಯ ಆಚೆ, ಕಣಗಲಾ ಊರಿನ ಹತ್ತಿರ ಕಬ್ಬು ಕಡಿದ ಹೊಲವೊಂದರಲ್ಲಿದ್ದರು. ಫೋನಿನೊಳಗೆ ಮೊದಲು ಹೆದ್ದಾರಿಯ ಲಾರಿಗಳು ಹಾದವು, ಆಮೇಲೆ ಕುರಿಗಳು ಕೂಗಿದವು, ಎಲ್ಲಾ ಆದಮೇಲೆ ಖಂಡೆಪ್ಪ ಬಂದ. ಅವಳು ನಡೆದದ್ದನ್ನು ಹೇಳಿದಳು. ಹೇಳುವಾಗ ರಾವಸಾಹೇಬನ ಮಾತನ್ನು ಸ್ವಲ್ಪ ಒರಟು ಮಾಡಿ ಹೇಳಿದಳು; ಇದ್ದ ಹಾಗೆ ಹೇಳಿದರೆ ತನ್ನ ಸಿಟ್ಟಿಗೆ ಕಾಲೂರಲು ನೆಲವಿರುವುದಿಲ್ಲ ಎನ್ನಿಸಿತು.

“ಅಂದ್ರ ನೀ ಮನಿ ಅಂದಿ,” ಅಂದ ಖಂಡೆಪ್ಪ.

“ಅಂದನ್ರಿ.”

“ದಡ್ಡಿ ಅಂದಿದ್ರ ಏನ ಹರಕತ್ತಿತ್ತ? ಕುರಿ ಕೂಡನ ಬಾಳ್ವಿ ಮಾಡೇವಿ.”

“ಹಿಂದಿಂದೂ ಕೂಡಿಸಿ ಹಚ್ಚತಾರಂತ.”

ಲಾರಿಯೊಂದು ಉದ್ದಕ್ಕೆ ಹಾರ್ನು ಬಾರಿಸುತ್ತ ಹೋಯಿತು. ಅದು ಪೂರ್ತಿ ದೂರವಾಗುವವರೆಗೆ ಖಂಡೆಪ್ಪ ಕಾದ. “ಹಂಗಾದ್ರ ಜಾಗಾ ಸಾವಕಾರ್ರಿಗಿ ಹೋತು ಅಂತ ತಿಳಿ. ಮಾರೂದಿದ್ರ ಮೊದಲ ನನಗ ಹೇಳು ಅಂತ ಅಂವ ಎಷ್ಟ ವರ್ಷದಿಂದ ಅನ್ನಾಕತ್ತಾನ. ಹಿಂಡ ಮಾರಿ ಪಟ್ಟಿ ಕಟ್ಟಿದ್ರ ಉಣ್ಣೂದೇನ? ಜಾಗಾ ಮಾರಿದ್ರ ಹೋಗೂದೆಲ್ಲಿ? ಬೀಗರ ಊರ ತುಕ್ಕಾನಟ್ಟ್ಯಾಗೂ ಸುತ್ತ ಪ್ಲಾಟಿನ ಕಲ್ಲ ನೆಟ್ಟಾರಂತ, ಅವರ ಹೇಳತಿದ್ರು.”

“ಹಂಗಾರ ಹೋಗಿ ದಡ್ಡಿ ಅನ್ಲೇನ್ರಿ?”

“ಅಲ್ಲಿ ಇರಾಕಿ ನೀ. ನೀನ ನೋಡು,” ಅಂದ. ಆಮೇಲೆ ಏನೋ ನೆನಪಾದವನಂತೆ, “ಬಿಳಿ ಕುರಿ ಮರೀಗಿ ಹಾಲ ಕುಡಸಾಕತ್ತೇತಿಲ್ಲೋ?” ಎಂದು ಕೇಳಿದ. ಕುಡಿಸಾಕತ್ತೇತಿ, ಅಂದಳು. ಅದು ಸುಳ್ಳು. ತಾಯಿ ಹಾಲು ಕುಡಿಸದ ಮರಿಯೇ ಅವಳ ಮಡಿಲಲ್ಲಿ ಮಲಗಿತ್ತು.

ಮಧ್ಯಾಹ್ನ ಓಣಿ ತಣ್ಣಗೆ ಮಲಗಿತು. ಎದುರಿನ ಬಂಗಲೆಯ ನೀಲಿ ಗಾಜಿನಲ್ಲಿ ಅವಳ ಬಾಗಿಲು ತಲೆಕೆಳಗಾಗದೆ, ಆದರೆ ಬಹಳ ಆಳದಲ್ಲಿ ಇರುವಂತೆ ಕಾಣುತ್ತಿತ್ತು, ಕೆರೆಯ ನೀರಿನ ತಳದಲ್ಲಿ ಯಾರೋ ಒಂದು ಬಾಗಿಲು ಇಟ್ಟು ಮರೆತಂತೆ. ಆ ಬಾಗಿಲಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಫಕೀರವ್ವ ಕೈ ಎತ್ತಿದರೆ ಅವಳೂ ಎತ್ತುತ್ತಾಳೆಂದು ಗೊತ್ತಿದ್ದರೂ ಎತ್ತಿ ನೋಡಲು ಮನಸ್ಸಾಗಲಿಲ್ಲ. ಆ ಗಾಜಿನ ಮೇಲಿನ ತಾರಸಿ ಗಚ್ಚಿಗೆ ಅವಳು ಒಮ್ಮೆ ಹತ್ತಿದ್ದಳು. ಗೋದಿ ಹಸನು ಮಾಡಲು ರಾವಸಾಹೇಬನ ಹೆಂಡತಿ ಸೀತಾಬಾಯಿ ಕರೆದಿದ್ದಳು. ಸೀತಾಬಾಯಿ ಒಳ್ಳೆಯವಳು, ತಾನೂ ಕೆಳಗೆ ಕೂತು ಮೊರ ಹಿಡಿಯುತ್ತಾಳೆ, ಚಹಾ ಕೊಡುವಾಗ ಕಪ್ಪನ್ನು ಕೈಗೇ ಕೊಡುತ್ತಾಳೆ. ಆ ಕಪ್ಪು ಬೇರೆ ಗೂಡಿನಿಂದ ಬರುತ್ತದೆ ಎಂಬುದನ್ನು ಇಬ್ಬರೂ ನೋಡುವುದಿಲ್ಲ. ಕೆಲಸ ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಲು ಎದ್ದು ಕಟಕಟೆಯ ಹತ್ತಿರ ನಿಂತಾಗ ಗಾಳಿ ಚೆನ್ನಾಗಿತ್ತು. ಕೆಳಗೆ ಕಾಲನಿಯ ಮನೆಗಳು ತೊಳೆದಿಟ್ಟ ಪಾತ್ರೆಗಳಂತೆ ಸಾಲಾಗಿದ್ದವು. ಅವುಗಳ ನಡುವೆ ಒಂದು ಕಡೆ ಮಾತ್ರ, ಹಾರಬಾರದೆಂದು ಕಲ್ಲು ಹೇರಿದ ತಗಡು, ತಗಡಿನ ಮೇಲೆ ಒಂದು ಹಳೆಯ ಟೈರು. ಅಯ್ಯ, ಇದ್ಯಾರದೋ ಕುರಿ ದಡ್ಡಿ ಇಲ್ಲೇ ಉಳಿದುಬಿಟ್ಟೇತಲ್ಲ, ಪಾಪ, ಎಂದುಕೊಂಡಳು. ಅಷ್ಟರಲ್ಲಿ ಅದರೊಳಗಿನಿಂದ ಅನ್ನಪೂರ್ಣಾ ಬಕೆಟ್ಟು ಹಿಡಿದು ಹೊರಗೆ ಬಂದಳು.

ಅದನ್ನು ಅವಳು ಯಾರಿಗೂ ಹೇಳಿಲ್ಲ. ಹೇಳುವಂಥದ್ದು ಏನೂ ಇಲ್ಲ ಕೂಡ. ಕಣ್ಣು ಒಂದು ಗಳಿಗೆ ಗುರುತು ತಪ್ಪಿತು ಅಷ್ಟೆ. ಆದರೆ ಇವತ್ತು ಬೆಳಿಗ್ಗೆ ರಾವಸಾಹೇಬ ಬಾಯಿ ಬಿಟ್ಟಾಗ ಹೊರಗೆ ಬಂದದ್ದು ಅವಳದೇ ಮಾತಾಗಿತ್ತು. ಆ ‘ಪಾಪ’ ಕೂಡ ಅವಳದೇ. ಅವಳು ಬೆದರಿದ್ದು ಅದಕ್ಕೆ. ತನ್ನೊಳಗೆ ಹೂತಿಟ್ಟದ್ದನ್ನು ಇವನು ಎಲ್ಲಿಂದ ತೆಗೆದ ಎಂದು ಬೆದರಿ, ಬೆದರಿದವರು ಕೂಗುವಂತೆ ಮನಿ ಅಂದುಬಿಟ್ಟಿದ್ದಳು. ಸಿಟ್ಟು ಅವನ ಮೇಲೆ ಆಗಿರಲೇ ಇಲ್ಲವೇನೋ. ಕಣ್ಣು ಮುಚ್ಚಿಕೊಂಡಳು. ರೆಪ್ಪೆಯೊಳಗಿನ ಕೆಂಪಿನಲ್ಲಿ ಆ ಚುಕ್ಕಿ ಮತ್ತೆ ಬಂತು, ಹುಡುಕುತ್ತ ಹುಡುಕುತ್ತ ಅವಳ ಎದೆಯ ಮೇಲೆ ಕೂತು, ಇದು ಎಷ್ಟು ದೂರ ಎಂದು ಹಿಂದಕ್ಕೆ ಹೋಗಿ ಹೇಳಿತು. ಯಾರಿಗೆ ಹೇಳಿತೋ. ನಿದ್ದೆಯಲ್ಲಿ ಅವಳು ಒಂದು ದೊಡ್ಡ ಮನೆಯೊಳಗೆ ನಡೆಯುತ್ತಿದ್ದಳು, ಬಾಗಿಲು ತೆರೆದಲ್ಲೆಲ್ಲ ಎರಿಮಣ್ಣು, ನಡೆದಷ್ಟೂ ಗೋಡೆ ಹಿಂದಕ್ಕೆ ಸರಿಯುತ್ತಿತ್ತು.

ಎಚ್ಚರಾದಾಗ ನೆರಳು ಓಣಿಯ ಅರ್ಧಕ್ಕೆ ಬಂದಿತ್ತು. ಅನ್ನಪೂರ್ಣಾ ಹೊಸ್ತಿಲಲ್ಲಿ ನಿಂತು ಎದುರು ಕಟ್ಟೆಯನ್ನೇ ನೋಡುತ್ತಿದ್ದಳು. “ಭೀಮೇಶಪ್ಪ ಚೀಲ ಕಟ್ಟಾಕತ್ತಾನ್ರಿ ಅತ್ತಿ.”

ಫಕೀರವ್ವ ಮರಿಯನ್ನು ಸೊಸೆಯ ಕೈಗೆ ಕೊಟ್ಟು ಎದ್ದಳು. ಮುಖಕ್ಕೆ ನೀರು ಹಾಕಿಕೊಂಡಳು. ಬೇರೆ ಸೀರೆ ಉಡಬೇಕೆ ಎಂದು ಯೋಚಿಸಿ, ಅದಕ್ಕೇ ನಾಚಿ, ಹಾಗೇ ಹೊರಟಳು. ರಸ್ತೆ ದಾಟುವುದು ಎಂದಿಗಿಂತ ಬೇಗ ಮುಗಿದುಹೋಯಿತು.

ರಾವಸಾಹೇಬನ ಮನೆಯಲ್ಲಿ ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚಿನ ಊಟ ಮುಗಿದಿತ್ತು. ಅವನು ತೂಗುಮಂಚದ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಭೀಮೇಶ ಕಟ್ಟೆಯ ಮೇಲೆ ಚೀಲದ ಬಾಯಿಗೆ ದಾರ ಎಳೆಯುತ್ತಿದ್ದ. “ಬಾ ಫಕೀರವ್ವಾ, ಖುರ್ಚಿ ಮ್ಯಾಲ ಕೂಡ್ರು,” ಎಂದು ಸೀತಾಬಾಯಿ ಕುರ್ಚಿ ಎಳೆದಳು. ಕುರ್ಚಿಯ ಕಾಲು ನುಣುಪು ನೆಲದ ಮೇಲೆ ಕಿರ್ರೆಂದಿತು. “ಇರ್ಲಿರಿ ಬಾಯಾರ,” ಎಂದು ಫಕೀರವ್ವ ಮೆಟ್ಟಿಲ ಮೇಲೆ ಕೂತಳು. ಕಲ್ಲು ಇನ್ನೂ ಬಿಸಿಯಿತ್ತು.

“ಮುಂಜಾನಿ ಹೇಳಿದ್ದನ್ನ ಬದಲಿ ಮಾಡ್ರಿ,” ಅಂದಳು ಭೀಮೇಶನಿಗೆ.

“ಏನಂತ ಮಾಡ್ಲಿ?”

“ಸಾವಕಾರ್ರು ಹೇಳಿದಂಗ.”

“ಹಂಗ ನಡಿಯಾಂಗಿಲ್ಲ ದೊಡವ್ವಾ. ಮಾಲಕರು ಅವರ ಬಾಯಿಲೆ ಹೇಳಬೇಕು.” ಅವನಿಗೂ ಸಂಕಟವಾಗಿದ್ದಿರಬೇಕು, ದಾರದ ಗಂಟನ್ನೇ ನೋಡುತ್ತಿದ್ದ.

ತೂಗುಮಂಚದ ಸರಪಳಿ ಒಂದೆರಡು ಸಲ ಕಿರುಗುಟ್ಟಿತು.

“ದಡ್ಡಿ,” ಅಂದಳು.

“ಶಾಣ್ಯಾಕಿ ನೋಡು,” ಅಂದ ರಾವಸಾಹೇಬ. “ಇದನ್ನ ಮುಂಜಾನೆನ ಅಂದಿದ್ರ ಆಗತಿತ್ತು. ನಾ ಏನ ನಿಮಗ ಕೆಟ್ಟದ್ದ ಬಯಸಾಂವ ಏನು? ನಮ್ಮಪ್ಪ ಕೊಟ್ಟ ಜಾಗಾ, ನಿಮ್ಮ ಕಡೆನ ಉಳೀಲಿ ಅಂತ...”

“ಜಾಊ ದ್ಯಾ,” ಎಂದು ಸೀತಾಬಾಯಿ ಮರಾಠಿಯಲ್ಲಿ ಮೆಲ್ಲಗೆ, ಸಾಕು ಬಿಡಿ ಎಂಬಂತೆ ಗಂಡನನ್ನು ತಡೆದಳು. ಫಕೀರವ್ವನ ಕಡೆಗೆ ನೋಡಲಿಲ್ಲ. ನೋಡದಿದ್ದದ್ದು ಆ ಇಡೀ ದಿನದಲ್ಲಿ ಯಾರಾದರೂ ಅವಳಿಗೆ ಮಾಡಿದ ಒಂದೇ ಉಪಕಾರವಾಗಿತ್ತು.

“ಹಂಗಾರ ಅದರಾಗ ಮಂದಿ ಯಾರೂ ಇರಾಂಗಿಲ್ಲ,” ಅಂದ ಭೀಮೇಶ ಫೋನಿನಲ್ಲಿ ಒತ್ತುತ್ತ.

“ಇರಾಂಗಿಲ್ಲ.”

“ನೀವ ಎಲ್ಲಿರ್ತೀರಿ?”

“ಕುರಿ ಕೂಡ,” ಅಂದಳು. ಭೀಮೇಶ ಹಾಗೆಂದರೆ ಅಲೆಮಾರಿಗಳೆಂದು ತಿಳಿದುಕೊಂಡು ತಲೆಯಾಡಿಸಿದ.

“ಒಂದ ಫೋಟೋ ಬೇಕಾಗತೈತ್ರಿ. ಮುಂದಿನ ಬಾಗಲದಿಂದ, ಒಳಗಿಂದೆಲ್ಲಾ ಕಾಣೂವಂಗ. ಕುರಿ ಇರಬೇಕು, ಮಂದಿ ಇರಬಾರ್ದು. ಖಾಟು ಗೀಟು ಕಂಡ್ರ ಮ್ಯಾಲಿನವರು ನನ್ನ ಕೇಳತಾರ. ಬೆಳಕ ಹೋಗೂದರಾಗ ಮಾಡ್ರಿ.”

ಫಕೀರವ್ವ ರಸ್ತೆ ದಾಟಿ ಮನೆಗೆ ಬಂದಳು. ಅನ್ನಪೂರ್ಣಾ ಅತ್ತೆಯ ಮುಖ ನೋಡಿ ಖಾಟಿನ ಒಂದು ಕಡೆ ಹಿಡಿದಳು. ಇಬ್ಬರೂ ಒಂದೊಂದಾಗಿ ಹೊರಗೆ ತಂದರು. ಖಾಟು, ಕೌದಿಗಳು, ಕನ್ನಡಿ, ಜೋಳದ ಡಬ್ಬಿ, ಗೂಟದ ಸೀರೆ, ಗ್ಯಾಸಿನ ಒಲೆ. ಒಳಗಿದ್ದಾಗ ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದ ಸಂಸಾರ ರಸ್ತೆಯ ಬದಿಯಲ್ಲಿ ಇಷ್ಟೇ ಇಷ್ಟಾಗಿ ಕೂತಿತು. ಹೊತ್ತು ಮುಳುಗುವ ಬೆಳಕು ಪಾತ್ರೆಗಳ ಮೇಲೆ ಹಳದಿಯಾಗಿ ಬಿದ್ದು, ಅವು ತಮ್ಮವಲ್ಲವೇನೋ ಅನ್ನುವಷ್ಟು ಚೆಂದ ಕಂಡವು. ನಡೆದಾಡಲು ಹೊರಟ ಡಾಕ್ಟರರು ಸುತ್ತಿ ಬಳಸಿ ಹೋದರು. ಊರು ಬಿಡುತ್ತಿದ್ದಾರೆ ಎಂದುಕೊಂಡರೋ ಏನೋ, ಮುಖದಲ್ಲಿ ಗಾಂಭೀರ್ಯವಿತ್ತು. ಕಡೆಗೆ ಫಕೀರವ್ವ ಜಗಲಿಯ ದೇವರನ್ನು ಸೆರಗಿನಲ್ಲಿ ಎತ್ತಿಕೊಂಡಳು. ನೆಲಕ್ಕೆ ಇಡಲು ಆಗದೆ ಅನ್ನಪೂರ್ಣಾಳ ಮಡಿಲಿಗೆ ಹಾಕಿದಳು. ಸೊಸೆ ದೇವರನ್ನು ಹಿಡಿದುಕೊಂಡು ಖಾಟಿನ ತುದಿಯಲ್ಲಿ ಕೂತಳು.

ಇನ್ನು ಕುರಿಗಳು. ಗಿಡ್ಡ ಗೋಡೆಯ ಆಚೆ ಅವು ತಲೆ ಎತ್ತಿ ನಿಂತಿದ್ದವು. ಫಕೀರವ್ವ ಗೋಡೆಯ ಒಂದು ತುದಿಯ ಕಿಂಡಿಗೆ ಅಡ್ಡವಿಟ್ಟ ಹಲಗೆ ತೆಗೆದು ದಾರಿ ಬಿಟ್ಟಳು. ಒಂದೂ ಕದಲಲಿಲ್ಲ. ಈಚೆ ಬರಬಾರದೆಂದು ಕಲಿಸಿದವಳು ಅವಳೇ. ಮರಿಯಿದ್ದಾಗಿನಿಂದ ಮೂತಿಗೆ ಬೆರಳಲ್ಲಿ ತಟ್ಟಿ ತಟ್ಟಿ, ಇದು ನಮ್ಮದು, ಅದು ನಿಮ್ಮದು ಎಂದು. ಈಗ ಅವು ಬರಿದಾದ ನೆಲವನ್ನು ನೋಡಿ, ಅವಳ ಕೈಯನ್ನು ನೋಡಿ, ಇದ್ದಲ್ಲೇ ಇದ್ದವು. ಹ್ಹೋ ಬರ್ರ್ ಬರ್ರ್ ಎಂದು ಕರೆದಳು. ಒಂದು ಮರಿ ಕಿಂಡಿಯವರೆಗೆ ಬಂದು ಮುಂಗಾಲು ಎತ್ತಿ, ನೆನಪಾಗಿ, ಇಳಿಸಿತು. ಆಗ ಅವಳು ಆಚೆಗೆ ಹೋಗಿ ಅವುಗಳ ನಡುವೆ ನಿಂತು, ತಾನೇ ಮುಂದಾಗಿ ಈಚೆ ದಾಟಿದಳು. ಅವಳ ಸೀರೆಗೆ ಮೂತಿ ತಾಗಿಸಿಕೊಂಡು ಎಲ್ಲಾ ಬಂದವು, ಒಲೆಯಿದ್ದ ಜಾಗದಲ್ಲಿ, ಖಾಟಿದ್ದ ಜಾಗದಲ್ಲಿ, ಮಾಳು ಹುಟ್ಟಿದ ಮೂಲೆಯಲ್ಲಿ ನಿಂತವು.

“ಬರೋಬರಿ ಆತು. ನೀವ ಹೊರಗ ಬರ್ರಿ ದೊಡವ್ವಾ,” ಅಂದ ಭೀಮೇಶ ಫೋನು ಎತ್ತಿ.

ಅವಳು ಹೊರಗೆ ಬಂದಳು. ಹಿಂದೆಯೇ ಕುರಿಗಳೂ ಹೊರಗೆ ಬಂದವು. ಮತ್ತೆ ಒಳಗೆ ಹೋದಳು, ಅವೂ ಹೋದವು. ಬಾಗಿಲಿಗೆ ಅನ್ನಪೂರ್ಣಾಳನ್ನು ಅಡ್ಡ ನಿಲ್ಲಿಸಿ ನೋಡಿದರು. ಅವಳ ಕಾಲ ಸಂದಿನಿಂದ ಮರಿಗಳು ಹೊರಬಿದ್ದವು. ಭೀಮೇಶ ನಕ್ಕುಬಿಟ್ಟ, ಎದುರಿನ ಕಟ್ಟೆಯಿಂದಲೂ ನಗು ಕೇಳಿಸಿತು, ಅನ್ನಪೂರ್ಣಾಳೂ ದೇವರನ್ನು ಎದೆಗೊತ್ತಿಕೊಂಡು ನಕ್ಕಳು, ಮತ್ತು ಆ ಒಂದು ಗಳಿಗೆ ಫಕೀರವ್ವನಿಗೂ ಇದೊಂದು ಆಟವೆನ್ನಿಸಿ ಹಗುರಾಯಿತು.

“ಹೊತ್ತ ಮುಣಗಾಕತ್ತೇತಿ,” ಅಂದ ಭೀಮೇಶ. “ಒಂದ ಕೆಲಸ ಮಾಡ್ರಿ. ನೀವ ಒಳಗ ಇರ್ರಿ. ಕುರಿ ಹಿಂದ ಕೆಳಗ ಕೂಡ್ರ್ರಿ, ಕಾಣದಂಗ.”

ಅವಳು ಹಿಂದೆ ಹೋಗಿ ನೆಲಕ್ಕೆ ಕೂತಳು. ಕುರಿಗಳು ಸುತ್ತ ಒತ್ತಿಕೊಂಡವು.

“ಇನ್ನಟ ಕೆಳಗ. ತಲಿ ಕಾಣತೈತಿ.”

ತಲೆಯನ್ನು ಮೊಣಕಾಲಿಗೆ ತಂದಳು. ಈಗ ಕಾಲುಗಳು ಮಾತ್ರ ಕಾಣುತ್ತಿದ್ದವು, ಕಾಲುಗಳ ನಡುವೆ ಸೀಳು ಸೀಳಾಗಿ ಬಾಗಿಲ ಬೆಳಕು. ಉಣ್ಣೆಯ ಬಿಸಿ ಕೆನ್ನೆಗೆ ಬಂತು, ಹಾಲಿನ, ಹಿಕ್ಕೆಯ, ಒಣಗಿದ ಮೇವಿನ ವಾಸನೆ. ಎಷ್ಟೋ ಹೊಲಗಳಲ್ಲಿ, ಎಷ್ಟೋ ಮಳೆಯಲ್ಲಿ ಹೀಗೆ ಕೂತದ್ದಿದೆ. ಆದರೆ ಆಗ ಅಡಗಿ ಕೂತಿರಲಿಲ್ಲ.

“ಸೆರಗ ಕಾಣತೈತ್ರಿ. ಒಳಗ ಎಳಕೊಳ್ರಿ.”

ಎಳೆದುಕೊಂಡಳು.

“ಹಾಂ. ಈಗ ಸರಿ ಆತ ನೋಡ್ರಿ. ಒಳಗ ಯಾರೂ ಇಲ್ಲ.”

ಫೋನು ಚಿಟುಕು ಹೊಡೆದಂಥ ಸದ್ದು ಮಾಡಿತು. ಮತ್ತೊಮ್ಮೆ ಮಾಡಿತು. ಚೀಲದ ದಾರ ಎಳೆದ ಸದ್ದು, ಗಾಡಿ ಶುರುವಾದ ಸದ್ದು, ಅದು ಓಣಿಯ ತಿರುವಿನಲ್ಲಿ ಸಣ್ಣದಾದದ್ದು. ಮರಿಯೊಂದು ಅವಳ ಕುತ್ತಿಗೆಯ ಮೇಲೆ ಗದ್ದವಿಟ್ಟು ನಿಂತಿತ್ತು. ಹೊರಗೆ ಖಾಟು ಎಳೆದರು, ಪಾತ್ರೆ ತಾಗಿದವು.

“ಅತ್ತಿ,” ಎಂದು ಯಾರೋ ಯಾರನ್ನೋ ಕರೆಯುತ್ತಿದ್ದರು. “ಆತಲ್ರಿ, ಏಳ್ರಿ. ಅತ್ತಿ.”

ಕುರಿಗಳು ಕಿವಿ ನಿಮಿರಿಸಿದವು. ಅವುಗಳ ನಡುವೆ ಅವಳೂ ಉಸಿರು ಹಿಡಿದು ಕೇಳಿಸಿಕೊಂಡಳು.